ವಾಹನದ ಬಣ್ಣ ಕೆಡದಂತೆ ತೊಳೆಯುವ ಕ್ರಮ



ಗೊಬ್ಬರ, ಔಷಧಿ, ಧಾರಣೆ, ಸಾಲದ ಕಂತು ಇವುಗಳ ವಿಚಾರ ಬರೆಯಬೇಕಾದ ಕಾರ್ಯದರ್ಶಿ ಈ ಸಂಚಿಕೆಯಲ್ಲಿ ಕಾರು ತೊಳೆಯುವ ವಿಚಾರ ಹಿಡಿದು ಕುಳಿತಿದ್ದಾನಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಕಾರು ಜೀಪು ಶೋಕಿಯ ವಸ್ತುವಾಗಿದ್ದ ಕಾಲ ಹೋಯಿತು. ಎರಡು ಮೂರು ಎಕರೆ ಹಿಡುವಳಿಯವನ ಅಂಗಳದಲ್ಲಿಯೂ ಇಂದು ಒಂದು ಹಳೆಯ ಜೀಪೋ, ಪಿಕಪ್ಪೋ, ಸೆಕೆಂಡ್‌ಹ್ಯಾಂಡ್ ಕಾರೋ ನಿಂತಿರುತ್ತದೆ. ಅಡಿಕೆ ಮೂಟೆ ಮಂಡಿಗೆ ಹೋಗುವುದು ಅದರಲ್ಲಿ, ಕಾಫಿ ಚೀಲ ಕ್ಯೂರಿಂಗಿಗೆ ಹೋಗುವುದು ಅದರಲ್ಲಿ, ರಾತ್ರಿ ಹೊತ್ತು ಎದೆನೋವು ಬಂದ ಹಿರಿಯರನ್ನು ಆಸ್ಪತ್ರೆಗೆ ಮುಟ್ಟಿಸುವುದೂ ಅದರಲ್ಲಿಯೇ. ತೋಟ, ಮನೆ, ಜಾನುವಾರು ಬಿಟ್ಟರೆ ನಮ್ಮಲ್ಲಿ ಅನೇಕರಿಗೆ ಇರುವ ದೊಡ್ಡ ಆಸ್ತಿ ಅದೊಂದೇ. ಆ ಆಸ್ತಿಯನ್ನು ನಾವು ವಾರಕ್ಕೊಮ್ಮೆ ನಮ್ಮ ಕೈಯಿಂದಲೇ ಉಜ್ಜಿ ಉಜ್ಜಿ ಸವೆಸುತ್ತಿದ್ದೇವೆ ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಅದೂ ಕೈಯಿಂದ ಹಣ ಹೋದ ಮೇಲೆ.

2018ರ ಮಳೆಗಾಲವನ್ನು ಯಾರೂ ಮರೆತಿರಲಾರಿರಿ. ಮಳೆ ಬಿಡಲೇ ಇಲ್ಲ. ಎರಡನೆಯ ಸಿಂಪರಣೆಗೆ ಹೊಳವು ಸಿಗಲಿಲ್ಲ. ಕೊಳೆರೋಗದಿಂದ ಉದುರಿದ ಅಡಿಕೆಯನ್ನು ಬುಟ್ಟಿಗಟ್ಟಲೆ ಹೆಕ್ಕಿ ಗುಂಡಿಗೆ ಹಾಕಿದೆವು. ಮಾರನೆಯ ವರ್ಷ ಕೈಗಡ ತೀರಿಸಲು ನಾನು ಜೀಪನ್ನು ಮಾರಬೇಕಾಯಿತು. ಇಂಜಿನ್ ಗಟ್ಟಿ ಇತ್ತು, ಟಯರು ಹೊಸದು. ಆದರೆ ಬಂದ ದಲ್ಲಾಳಿ ಇಂಜಿನ್ ನೋಡುವ ಮೊದಲು ಬಾನೆಟ್ಟಿನ ಮೇಲೆ ಅಂಗೈ ಸವರಿದ, ಬಾಗಿಲಿನ ಕೆಳ ಅಂಚನ್ನು ಹೆಬ್ಬೆರಳಿನಿಂದ ಒತ್ತಿದ. ಬೆರಳು ಒತ್ತಿದ ಕಡೆ ತುಕ್ಕಿನ ಹಕ್ಕಳೆ ಉದುರಿತು. "ಅಣ್ಣಾ, ಇದಕ್ಕೆ ಪೂರ್ತಿ ಪೈಂಟಿಂಗ್, ತಗಡಿನ ಕೆಲಸ ಆಗ್ಬೇಕು" ಎಂದು ಹೇಳಿ 25,000 ರೂಪಾಯಿ ಇಳಿಸಿದ. ವಾದ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬಾನೆಟ್ಟಿನ ಮೇಲಿದ್ದದ್ದು ಹತ್ತು ವರ್ಷದ ಬೋರ್ಡೋ ದ್ರಾವಣದ ಕಲೆ ಮತ್ತು ನಾನು ಪ್ರತಿ ಬೆಳಿಗ್ಗೆ ಶ್ರದ್ಧೆಯಿಂದ ಒಣಬಟ್ಟೆಯಲ್ಲಿ ಒರೆಸಿದ ಗೀರುಗಳು.

ಅದಾದ ಮೇಲೆ ಈ ವಿಷಯವನ್ನು ಓದಿ, ಕೇಳಿ, ಸ್ವಲ್ಪ ಪ್ರಯೋಗ ಮಾಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಬಣ್ಣವೆಂದರೆ ಏನು?

ಈಗಿನ ಕಾರಿನ ತಗಡಿನ ಮೇಲೆ ಇರುವುದು ಒಂದೇ ಬಣ್ಣವಲ್ಲ. ತಗಡಿಗೆ ಮೊದಲು ತುಕ್ಕು ತಡೆಯುವ ಫಾಸ್ಫೇಟ್ ಸಂಸ್ಕಾರ, ಅದರ ಮೇಲೆ ವಿದ್ಯುತ್ತಿನ ಸಹಾಯದಿಂದ ಕೂರಿಸಿದ ಪ್ರೈಮರು, ಅದರ ಮೇಲೆ ಇನ್ನೊಂದು ಪ್ರೈಮರು, ಆಮೇಲೆ ನಮಗೆ ಕಾಣುವ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ಒಂದು ಲೇಪ. ಇಷ್ಟೆಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ದಿನಪತ್ರಿಕೆಯ ಎರಡು ಹಾಳೆಯನ್ನು ಒಂದರ ಮೇಲೊಂದಿಟ್ಟರೆ ಎಷ್ಟು ದಪ್ಪವೋ ಸುಮಾರು ಅಷ್ಟೇ. ಅದರಲ್ಲಿ ಮೇಲಿನ ಪಾರದರ್ಶಕ ಲೇಪ 40-50 ಮೈಕ್ರಾನು, ತಲೆಕೂದಲಿಗಿಂತ ತೆಳು. ಬಿಸಿಲು, ಮಳೆ, ಹಕ್ಕಿಯ ಹಿಕ್ಕೆ ಎಲ್ಲವನ್ನೂ ತಡೆದುಕೊಳ್ಳುವುದು ಈ ತೆಳು ಲೇಪವೇ. ಬಣ್ಣ ಮಂಕಾಯಿತೆಂದು ಪಾಲಿಷ್ ಮಾಡಿಸುವವರು ಗಮನಿಸಬೇಕು: ಗೀರು ತೆಗೆಯುವ ಪಾಲಿಷ್ ಗೀರನ್ನು ತುಂಬುವುದಿಲ್ಲ, ಅದರ ಸುತ್ತಲಿನ ಲೇಪವನ್ನು ಸವೆಸಿ ಗೀರಿನ ಮಟ್ಟಕ್ಕೆ ತರುತ್ತದೆ. ಆದ್ದರಿಂದ ಅದನ್ನು ವರ್ಷ ವರ್ಷ ಮಾಡಿಸುವ ಹಾಗಿಲ್ಲ.

ಹಳೆಯ ಜೀಪುಗಳಿಗೆ ಮತ್ತು ಹಳೆಯ ಅಂಬಾಸಿಡರುಗಳಿಗೆ ಈ ಮೇಲ್ಲೇಪ ಇರಲಿಲ್ಲ, ಇದ್ದದ್ದು ಬರಿಯ ಬಣ್ಣ. (ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆದರೂ ನಮ್ಮ ಹೋಬಳಿಯಲ್ಲಿ ಒಂದೆರಡು ಇನ್ನೂ ಓಡುತ್ತಿವೆ, ಮಾಲೀಕರಿಗೆ ನಮಸ್ಕಾರ.) ಒರೆಸುವಾಗ ಬಟ್ಟೆಗೆ ಬಣ್ಣ ಹತ್ತಿದರೆ ನಿಮ್ಮದು ಆ ಜಾತಿಯ ಗಾಡಿ ಎಂದು ತಿಳಿಯಿರಿ. ಗ್ಯಾರೇಜಿನಲ್ಲಿ ಮರುಬಣ್ಣ ಬಳಿಸಿದ ಗಾಡಿಗಳಲ್ಲಿಯೂ ಹೀಗಾಗುವುದುಂಟು. ಅಂಥವನ್ನು ಇನ್ನಷ್ಟು ಹಗುರ ಕೈಯಿಂದ ತೊಳೆಯಬೇಕು.

ಒಣಬಟ್ಟೆಯೇ ಮೊದಲ ಶತ್ರು

ನಮ್ಮಲ್ಲಿ ಹೆಚ್ಚಿನವರು ಗಾಡಿಗೆ ಮಾಡುವ ಅತಿ ದೊಡ್ಡ ಹಾನಿ ತೊಳೆಯುವಾಗ ಅಲ್ಲ, ತೊಳೆಯದೆ ಒರೆಸುವಾಗ. ಬೆಳಿಗ್ಗೆ ಎದ್ದು ಹೆಗಲ ಮೇಲಿನ ಬೈರಾಸನ್ನೇ ತೆಗೆದು ಬಾನೆಟ್ಟಿಗೆ ಎರಡು ಸುತ್ತು ಹೊಡೆಯುವುದು ನಮಗೆಲ್ಲ ರೂಢಿ. ಮಲೆನಾಡಿನ ಕೆಂಪು ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದೆ. ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಎಣಿಸುವ ಮೋಸ್ ಕ್ರಮದಲ್ಲಿ ಬೆಣಚುಕಲ್ಲಿಗೆ 7ನೆಯ ಸ್ಥಾನ. ಅದು ಗಾಜನ್ನೇ ಗೀರುತ್ತದೆ, ಬಣ್ಣ ಯಾವ ಲೆಕ್ಕ? ಒಣಬಟ್ಟೆಯಿಂದ ಉಜ್ಜುವುದೆಂದರೆ ಮರಳು ಕಾಗದದಿಂದ ಉಜ್ಜಿದ ಹಾಗೆಯೇ, ನಿಧಾನವಾಗಿ ಅಷ್ಟೆ. ರಾತ್ರಿ ಪೆಟ್ರೋಲ್ ಬಂಕಿನ ದೀಪದ ಕೆಳಗೆ ಗಾಡಿ ನಿಲ್ಲಿಸಿ ನೋಡಿ. ದೀಪದ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ಸಣ್ಣ ಸಣ್ಣ ಗೀರುಗಳ ಚಕ್ರ ಕಾಣಿಸುತ್ತದೆ. ಅದು ನಮ್ಮ ಬೈರಾಸಿನ ಕೃಪೆ.

ಧೂಳು ಕೂತರೆ ಕೂತಿರಲಿ. ನೀರು ಹಾಕಲು ಪುರುಸೊತ್ತಿಲ್ಲದ ದಿನ ಗಾಜು ಮತ್ತು ದೀಪವನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಹೊರಡಿ. ಕೊಳಕಾಗಿರುವ ಗಾಡಿಗೆ ಮರ್ಯಾದೆ ಕಡಿಮೆ ಎಂಬುದು ನಮ್ಮ ಭ್ರಮೆ.

ಸೊನ್ನದಲ್ಲಿ ಕಲಿತದ್ದು

ಜೀಪು ಮಾರಿ ಎರಡು ವರ್ಷ ಕಳೆದ ಮೇಲೆ ಕಡುನೀಲಿ ಬಣ್ಣದ ಒಂದು ಹಳೆಯ ಕಾರು ತೆಗೆದುಕೊಂಡೆ. 2022ರ ಡಿಸೆಂಬರಿನಲ್ಲಿ ದತ್ತ ಜಯಂತಿಗೆಂದು ಮನೆಯವರೊಂದಿಗೆ ಗಾಣಗಾಪುರಕ್ಕೆ ಹೋಗಿದ್ದೆವು. ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಕ್ಷೇತ್ರ ಅದು. ಧಾರವಾಡದಲ್ಲಿ ನನ್ನ ಜೊತೆ ಪದವಿ ಓದಿದ ಗೆಳೆಯನೊಬ್ಬ ಸೊನ್ನದ ಕಡೆಯವನು. ಭೀಮಾ ನದಿಗೆ ಬ್ಯಾರೇಜು ಕಟ್ಟಿರುವ ಸೊನ್ನವೇ. "ಇಷ್ಟು ದೂರ ಬಂದು ನಮ್ಮನಿಗೆ ಬರದಂಗ ಹೋಗ್ತೀಯೇನು?" ಎಂದು ಫೋನಿನಲ್ಲಿ ಗದರಿದ. ಹೋದೆವು. ಆಗ ಅಲ್ಲಿ ತೊಗರಿ ಕಟಾವಿನ ಕಾಲ. ಹೊಲದ ದಾರಿಯ ಎರೆಮಣ್ಣಿನ ಧೂಳು ಗಾಡಿಯ ಮೇಲೆ ಬೂದಿ ಎರಚಿದಂತೆ ಕೂತಿತ್ತು.

ನಾವು ಊಟಕ್ಕೆ ಕೂತಿದ್ದಾಗ ಆ ಮನೆಯ ಹುಡುಗ, ಅತಿಥಿಗಳ ಗಾಡಿಯಲ್ಲವೇ ಎಂಬ ಪ್ರೀತಿಯಿಂದ, ಬೋರ್‌ವೆಲ್ ಪೈಪು ಹಿಡಿದು ನಡುಮಧ್ಯಾಹ್ನದ ಬಿಸಿಲಿನಲ್ಲಿ ಇಡೀ ಕಾರನ್ನು ತೊಳೆದು ಬಿಟ್ಟಿದ್ದ. ಧೂಳೆಲ್ಲ ಹೋಗಿತ್ತು. ಒರೆಸಿರಲಿಲ್ಲ. ನಾವು ಕೈತೊಳೆದು ಹೊರಗೆ ಬರುವಷ್ಟರಲ್ಲಿ ನೀಲಿ ಬಾನೆಟ್ಟಿನ ತುಂಬ ಕಾಸಿನಗಲದ ಬಿಳಿ ಉಂಗುರಗಳು. ಹುಡುಗನ ಮುಖ ಬಾಡಿತು. ಅವನ ತಪ್ಪೇನೂ ಇರಲಿಲ್ಲ. ಗೆಳೆಯ ನಕ್ಕ: "ನಮ್ ನೀರಿನ ಗುಣಾನ ಅಷ್ಟಪಾ. ಕೊಡದಾಗ ನೋಡು, ನಳದ ಬಾಯಾಗ ನೋಡು, ಎಲ್ಲಾ ಕಡೆ ಬೆಳ್ಳಗ. ನಿಮ್ ಮಲೆನಾಡ್ ನೀರ್ ಕುಡದಾವ್ರಿಗೆ ಇದು ಎಲ್ಲಿ ಗೊತ್ತಾಗ್ಬೇಕು?"

ಅವನು ಹೇಳಿದ್ದು ಸರಿ. ಆ ಸೀಮೆಯ ಅಂತರ್ಜಲ ಗಡಸು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುವ ನೀರು ಆರಿದಾಗ ನೀರು ಮಾತ್ರ ಆವಿಯಾಗಿ ಹೋಗುತ್ತದೆ, ಲವಣ ಅಲ್ಲಿಯೇ ಉಳಿಯುತ್ತದೆ. ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಹಕ್ಕಳೆಯೂ ಬಾನೆಟ್ಟಿನ ಉಂಗುರವೂ ಒಂದೇ ವಸ್ತು. ಬಿಸಿಲಿನಲ್ಲಿ ನಿಂತ ಗಾಡಿಯ ತಗಡು, ಅದರಲ್ಲೂ ಕಡುಬಣ್ಣದ್ದಾದರೆ, ಕೈಯಿಟ್ಟರೆ ಸುಡುವಷ್ಟು ಕಾದಿರುತ್ತದೆ. ಅದರ ಮೇಲೆ ಬಿದ್ದ ಹನಿ ನಿಮಿಷದಲ್ಲಿ ಆರುತ್ತದೆ, ಲವಣ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಅಂದೇ ತೆಗೆದರೆ ಹೋಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಮೇಲ್ಲೇಪವನ್ನೇ ತಿಂದು ಗುಳಿ ಮಾಡುತ್ತದೆ. ಆಮೇಲೆ ಯಾವ ಸೋಪಿಗೂ ಬಗ್ಗುವುದಿಲ್ಲ.

ಗೆಳೆಯನ ಮನೆಯಲ್ಲಿ ಉಪ್ಪಿನಕಾಯಿಗೆ ತಂದಿಟ್ಟಿದ್ದ ವಿನೆಗರ್ ಇತ್ತು. ಒಂದು ಪಾಲು ವಿನೆಗರಿಗೆ ಎರಡು ಪಾಲು ನೀರು ಬೆರೆಸಿ, ಸಂಜೆ ತಗಡು ತಣ್ಣಗಾದ ಮೇಲೆ ಬಟ್ಟೆ ಅದ್ದಿ ಉಂಗುರಗಳ ಮೇಲೆ ಒಂದು ನಿಮಿಷ ಹಾಸಿಟ್ಟು, ಮೆಲ್ಲಗೆ ಒರೆಸಿ, ಕೂಡಲೇ ನೀರಿನಿಂದ ತೊಳೆದು, ಈ ಸಲ ಚೆನ್ನಾಗಿ ಒರೆಸಿ ಒಣಗಿಸಿದೆವು. ಬಹುಪಾಲು ಹೋಯಿತು. ಬಾನೆಟ್ಟಿನ ನಡುವೆ ನಾಲ್ಕೈದು ಉಂಗುರಗಳ ನೆರಳು ಇಂದಿಗೂ ಇದೆ. ನಿಂಬೆಹಣ್ಣನ್ನು ಕತ್ತರಿಸಿ ನೇರವಾಗಿ ಉಜ್ಜುವವರುಂಟು. ನಿಂಬೆರಸದ ಆಮ್ಲ ವಿನೆಗರಿಗಿಂತ ಪ್ರಬಲ, ಬಿಸಿಲಿನಲ್ಲಿ ಆರಲು ಬಿಟ್ಟರೆ ಅದೇ ಹೊಸ ಕಲೆಯಾಗುತ್ತದೆ. ಬೇಡ.

ಆ ಕಡೆಯ ಎರೆಮಣ್ಣಿನ ಬಗ್ಗೆಯೂ ಒಂದು ಮಾತು. ಎರೆಮಣ್ಣು ಹಿಟ್ಟಿನಷ್ಟು ನುಣುಪು, ಗೀರುವುದಿಲ್ಲ ಎಂದು ನಾನು ಎಣಿಸಿದ್ದೆ. ಆದರೆ ಅದರಲ್ಲಿ ಸುಣ್ಣಕಲ್ಲಿನ ಹರಳುಗಳು ಬೆರೆತಿರುತ್ತವೆ. ಒದ್ದೆಯಾದರೆ ಮಣ್ಣು ಅಂಟಿನಂತೆ ಹಿಡಿದುಕೊಂಡು ಆ ಹರಳನ್ನು ಬಿಡುವುದೇ ಇಲ್ಲ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಹರಿದಾಗ ದಂಡೆಯ ಊರುಗಳಲ್ಲಿ ನೀರು ನುಗ್ಗಿ ಇಳಿದ ಮೇಲೆ ಉಳಿದ ರಾಡಿಯನ್ನು ಗಾಡಿಗಳಿಂದ ಬಿಡಿಸಲು ಪಟ್ಟ ಪಾಡನ್ನು ಗೆಳೆಯ ಹೇಳಿದ. ಒಣಗಿದ ಮೇಲೆ ಕೆರೆಯಲು ಹೋದವರು ಬಣ್ಣವನ್ನೂ ಕೆರೆದರು. ಒದ್ದೆ ಗೋಣಿತಾಟು ಹೊದಿಸಿ ಎರಡು ಗಂಟೆ ನೆನೆಸಿ ಆಮೇಲೆ ನೀರು ಬಿಟ್ಟವರ ಗಾಡಿ ಉಳಿಯಿತು. ಮಳೆಗಾಲದಲ್ಲಿ ನಮ್ಮ ಜೀಪಿನ ಮಡ್‌ಗಾರ್ಡಿನೊಳಗೆ ಕಟ್ಟುವ ಕೆಸರಿಗೂ ಇದೇ ಉಪಾಯ.

ಬೋರ್ಡೋ ದ್ರಾವಣ: ನಮ್ಮದೇ ಕಾಯಿಲೆ

ಸೊನ್ನದವರಿಗೆ ಗಡಸು ನೀರು ಹೇಗೋ ನಮಗೆ ಬೋರ್ಡೋ ಹಾಗೆ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟದಲ್ಲಿ 1885ರಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ಜಗತ್ತಿಗೆ ತಿಳಿಸಿದ ಈ ಔಷಧಿಯನ್ನು ನಮ್ಮ ಅಡಿಕೆಗೆ ತಂದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್. ಕೊಳೆರೋಗದ ಬಗ್ಗೆ ಅವರ ಗ್ರಂಥ ಬಂದದ್ದು 1910ರಲ್ಲಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಈ ಲೆಕ್ಕ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಮಳೆಗೆ ತೊಳೆದು ಹೋಗಬಾರದೆಂದು ಅದಕ್ಕೆ ರಾಳದ ಅಂಟನ್ನೂ ಸೇರಿಸುತ್ತೇವೆ. ಅಡಿಕೆ ಗೊನೆಯ ಮೇಲೆ ವಾರಗಟ್ಟಲೆ ಮಳೆಗೂ ಜಗ್ಗದೆ ನಿಲ್ಲಲಿ ಎಂದು ಮಾಡಿದ ವಸ್ತು ಗಾಡಿಯ ಮೇಲೆ ಬಿದ್ದರೆ ಒಂದು ಬಕೆಟ್ ನೀರಿಗೆ ಹೋದೀತೇ?

ಕೊನೆಗಾರ ಮರದ ಮೇಲಿನಿಂದ ಹೊಡೆಯುವಾಗ, ಅಥವಾ ಈಗ ಬಂದಿರುವಂತೆ ನೆಲದಲ್ಲಿ ನಿಂತು ಉದ್ದದ ದೋಟಿಯಿಂದ ಹೊಡೆಯುವಾಗ, ತುಂತುರು ಗಾಳಿಯಲ್ಲಿ ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ಕಾಫಿಗೆ ಎಲೆ ತುಕ್ಕು ರೋಗಕ್ಕಾಗಿ ಹೊಡೆಯುವಾಗಲೂ ಅಷ್ಟೇ. ಗಾಡಿಯಲ್ಲಿ ಪಂಪು, ಡ್ರಮ್ಮು ತಂದು ತೋಟದ ಅಂಚಿನಲ್ಲಿ ನಿಲ್ಲಿಸಿರುತ್ತೇವೆ. ಸಂಜೆಗೆ ನೀಲಿ ಚುಕ್ಕೆಗಳು.

ಇದರಲ್ಲಿ ಎರಡು ಬಗೆಯ ಅಪಾಯವಿದೆ. ಮೊದಲನೆಯದು ಸುಣ್ಣದ್ದು. ಅದು ಕ್ಷಾರ, ಆರಿದ ಮೇಲೆ ಗಚ್ಚಿನಂತೆ ಗಟ್ಟಿಯಾಗುತ್ತದೆ, ಉಗುರಿನಿಂದ ಕೆರೆದರೆ ಬಣ್ಣವನ್ನೂ ಕೀಳುತ್ತದೆ. ಎರಡನೆಯದು ತಾಮ್ರದ್ದು, ಅದು ಹೆಚ್ಚು ಕೆಟ್ಟದ್ದು. ದ್ರಾವಣದ ಹದ ನೋಡಲು ನಾವು ಏನು ಮಾಡುತ್ತೇವೆ? ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದುತ್ತೇವೆ. ಕತ್ತಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಇನ್ನಷ್ಟು ಸುಣ್ಣದ ತಿಳಿ ಹಾಕುತ್ತೇವೆ. ಆ ಕೆಂಪು ಎಲ್ಲಿಂದ ಬಂತು? ಕಬ್ಬಿಣ ಕರಗಿ ನೀರಿಗೆ ಹೋಯಿತು, ಅದರ ಜಾಗದಲ್ಲಿ ತಾಮ್ರ ಬಂದು ಕೂತಿತು. ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದೆನ್ನುವುದು ಇದೇ ಕಾರಣಕ್ಕೆ. ಗಾಡಿಯ ಬಾಗಿಲಿನ ಅಂಚಿನಲ್ಲಿ ಬಣ್ಣ ಎದ್ದು ತಗಡು ಕಾಣುತ್ತಿದ್ದರೆ ಅದೂ ಒಂದು ಕತ್ತಿಯೇ. ಹದ ತಪ್ಪಿದ ದ್ರಾವಣವೋ, ಮೈಲುತುತ್ತ ಕರಗಿಸಿಟ್ಟ ಬರಿಯ ನೀರೋ ಅಲ್ಲಿ ಬಿದ್ದರೆ ತಗಡನ್ನು ತಿನ್ನತೊಡಗುತ್ತದೆ. ನನ್ನ ಜೀಪಿನ ಬಾಗಿಲು ಉದುರಿದ್ದು ಹೀಗೆ. ಹತ್ತು ವರ್ಷ ಕತ್ತಿ ಅದ್ದಿ ಹದ ನೋಡಿದವನಿಗೆ ಈ ಮಾತು ಹೊಳೆಯಲಿಲ್ಲ, ಓದಿದ್ದು ವಿಜ್ಞಾನವೇ ಆದರೂ.

ಆದ್ದರಿಂದ ಸಿಂಪರಣೆಯ ದಿನ ಗಾಡಿಯನ್ನು ಗಾಳಿ ಬರುವ ಕಡೆಗೆ, ಅಂದರೆ ತುಂತುರು ಹೋಗುವ ದಿಕ್ಕಿಗೆ ವಿರುದ್ಧವಾಗಿ, ದೂರ ನಿಲ್ಲಿಸಬೇಕು. ಹಳೆಯ ಟಾರ್ಪಾಲು ಹೊದಿಸಿದರೆ ಒಳ್ಳೆಯದು, ಆದರೆ ಧೂಳಿರುವ ಗಾಡಿಗೆ ಟಾರ್ಪಾಲು ಎಳೆದಾಡಿದರೆ ಅದೂ ಗೀರುತ್ತದೆ. ಚುಕ್ಕೆ ಬಿದ್ದದ್ದು ಕಂಡ ಸಂಜೆಯೇ, ದ್ರಾವಣ ಇನ್ನೂ ಹಸಿಯಾಗಿರುವಾಗ, ಸಾಕಷ್ಟು ನೀರು ಬಿಟ್ಟು ತೊಳೆದರೆ ಸುಲಭವಾಗಿ ಹೋಗುತ್ತದೆ. ಒಣಗಿದ್ದರೆ ಒದ್ದೆ ಬಟ್ಟೆ ಹಾಸಿ ನೆನೆಸಿ, ಆಮೇಲೆ ಮೇಲೆ ಹೇಳಿದ ವಿನೆಗರ್ ನೀರು. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ. ತಗಡು ತೆರೆದಿರುವ ಜಾಗಕ್ಕೆ ವಿನೆಗರ್ ಬೇಡ. ಅಲ್ಲಿ ತೊಳೆದು, ಒಣಗಿಸಿ, ಒಂದು ತೊಟ್ಟು ಬಣ್ಣವನ್ನೋ ಪ್ರೈಮರನ್ನೋ ಸಣ್ಣ ಕುಂಚದಿಂದ ಮುಟ್ಟಿಸಿಬಿಡಿ. ನೋಡಲು ಚಂದ ಕಾಣದಿರಬಹುದು, ಬಾಗಿಲು ಉಳಿಯುತ್ತದೆ.

ಔಷಧಿ ಹೊಡೆಯುವ ಎಚ್.ಟಿ.ಪಿ. ಪಂಪಿನಿಂದಲೇ ಗಾಡಿ ತೊಳೆಯುವವರು ನಮ್ಮಲ್ಲಿ ಹಲವರು. ತೊಳೆಯಬಹುದು, ಆದರೆ ಡ್ರಮ್ಮು, ಪೈಪು, ಗನ್ನು ಮೂರನ್ನೂ ಮೂರು ಸಲ ಶುದ್ಧ ನೀರಿನಲ್ಲಿ ಹಾಯಿಸಿದ ಮೇಲೆ. ಗನ್ನನ್ನು ಬಣ್ಣಕ್ಕೆ ಎರಡು ಮೂರು ಅಡಿಗಿಂತ ಹತ್ತಿರ ಹಿಡಿಯಬಾರದು. ಕಲ್ಲು ಬಡಿದು ಬಣ್ಣ ಎದ್ದಿರುವ ಕಡೆ ರಭಸದ ನೀರು ಒಳಹೊಕ್ಕು ಸುತ್ತಲಿನ ಬಣ್ಣವನ್ನು ಸಿಪ್ಪೆ ಸುಲಿದಂತೆ ಸುಲಿಯುತ್ತದೆ. ಬಾನೆಟ್ ಎತ್ತಿ ಇಂಜಿನ್ನಿಗೆ ಬಿಡುವ ಸಾಹಸವಂತೂ ಬೇಡವೇ ಬೇಡ. ಈಗಿನ ಗಾಡಿಗಳ ಒಳಗೆಲ್ಲ ತಂತಿ, ಸೆನ್ಸರು.

ತೊಳೆಯುವ ಕ್ರಮ

ಬೆಳಿಗ್ಗೆ ಬಿಸಿಲೇರುವ ಮೊದಲು ಅಥವಾ ಸಂಜೆ, ನೆರಳಿನಲ್ಲಿ. ಬಾನೆಟ್ಟಿನ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು. ಘಾಟಿ ಹತ್ತಿ ಬಂದ ಕೂಡಲೇ ತೊಳೆಯಬಾರದು.

ಚಕ್ರ ಮತ್ತು ಮಡ್‌ಗಾರ್ಡಿನ ಒಳಭಾಗ ಮೊದಲು. ಅದಕ್ಕೆ ಬೇರೆಯೇ ಬಕೆಟು, ಬೇರೆಯೇ ಬ್ರಷ್ಷು, ಬೇರೆಯೇ ಬಟ್ಟೆ. ಚಕ್ರ ಒರೆಸಿದ ಬಟ್ಟೆಯಲ್ಲಿ ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿ ಸೇರಿಕೊಂಡಿರುತ್ತದೆ, ಅದು ಮರಳಿಗಿಂತ ಕಡಿಮೆ ಅಲ್ಲ. ಆಮೇಲೆ ಗಾಡಿಯ ಮೇಲಿನಿಂದ ಕೆಳಕ್ಕೆ ಬರಿಯ ನೀರು ಬಿಟ್ಟು ಮಣ್ಣನ್ನು ತಾನಾಗಿ ಇಳಿಯಲು ಬಿಡಬೇಕು. ಈ ಹಂತದಲ್ಲಿ ಕೈ ಮುಟ್ಟಿಸಬಾರದು. ಕೈ ಮುಟ್ಟುವ ಮೊದಲು ಎಷ್ಟು ಮಣ್ಣು ಹೋಯಿತೋ ಅಷ್ಟು ಗೀರು ಕಡಿಮೆ.

ಇನ್ನು ಸೋಪಿನ ಪ್ರಶ್ನೆ. ಬಟ್ಟೆ ಒಗೆಯುವ ಪುಡಿಯನ್ನು ಬಳಸಬೇಡಿ. ಅದರಲ್ಲಿ ತೊಳೆಯುವ ಸೋಡಾ ಇರುತ್ತದೆ, ಬಲವಾದ ಕ್ಷಾರ. ಬಣ್ಣದ ಮೇಲಿನ ಮೇಣವನ್ನೆಲ್ಲ ಕಿತ್ತು ತೆಗೆಯುತ್ತದೆ, ಕರಗದೆ ಉಳಿದ ಕಾಳು ಗೀರುತ್ತದೆ. ಪಾತ್ರೆ ತಿಕ್ಕುವ ಬಿಲ್ಲೆಯಲ್ಲಿ ಉಜ್ಜಲೆಂದೇ ಪುಡಿ ಬೆರೆಸಿರುತ್ತಾರೆ. ಅದನ್ನು ಬಣ್ಣಕ್ಕೆ ಹಚ್ಚುವುದು ಆತ್ಮಹತ್ಯೆ. ಅಂಗಡಿಯಲ್ಲಿ ಕಾರ್ ಶಾಂಪೂ ಸಿಗುತ್ತದೆ, ಒಂದು ಬಕೆಟ್ ನೀರಿಗೆ ಒಂದೆರಡು ಮುಚ್ಚಳ ಸಾಕು, ಒಂದು ಬಾಟಲಿ ತಿಂಗಳುಗಟ್ಟಲೆ ಬರುತ್ತದೆ. ನಾನು ಮಾತ್ರ ಅಂಟುವಾಳ ಕಾಯಿಯನ್ನೇ ಬಳಸುವವನು. ಹತ್ತು ಹದಿನೈದು ಕಾಯಿಯ ಸಿಪ್ಪೆಯನ್ನು ರಾತ್ರಿ ಬಿಸಿನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹಿಸುಕಿ, ಬಟ್ಟೆಯಲ್ಲಿ ಎರಡು ಸಲ ಸೋಸಿದರೆ ಒಳ್ಳೆಯ ನೊರೆ ಬರುತ್ತದೆ. ರೇಷ್ಮೆ ಸೀರೆಗೆ, ಚಿನ್ನದ ಒಡವೆಗೆ ನಮ್ಮ ಅಜ್ಜಿಯಂದಿರು ನಂಬಿದ ಸಾಮಾನು. ಸಿಪ್ಪೆಯ ಚೂರು ಉಳಿಯದಂತೆ ಸೋಸುವುದು, ಕಂದು ನೀರು ಆರುವ ಮೊದಲೇ ಚೆನ್ನಾಗಿ ತೊಳೆಯುವುದು, ಇವೆರಡು ಮುಖ್ಯ. ಎಣ್ಣೆ ಜಿಡ್ಡು ಹೆಚ್ಚಿದ್ದರೆ ಇದರಿಂದ ಹೋಗುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರಿಯ ನೀರು. ಬಟ್ಟೆಯನ್ನು ಸೋಪಿನಲ್ಲಿ ಅದ್ದಿ ಒಂದು ಭಾಗ, ಉದಾಹರಣೆಗೆ ಒಂದು ಬಾಗಿಲು, ಒರೆಸಿದ ಮೇಲೆ ಬರಿಯ ನೀರಿನಲ್ಲಿ ಜಾಲಾಡಿ, ಹಿಂಡಿ, ಮತ್ತೆ ಸೋಪಿಗೆ. ಒಂದೇ ಬಕೆಟ್ಟಾದರೆ ಬಟ್ಟೆಯಿಂದ ಬಿಟ್ಟ ಮರಳು ಮತ್ತೆ ಬಟ್ಟೆಗೇ ಹತ್ತಿಕೊಂಡು ಬರುತ್ತದೆ. ಜಾಲಾಡುವ ಬಕೆಟ್ಟಿನ ತಳಕ್ಕೆ ನಾನು ಕಾಫಿ ಜರಡಿಯ ಒಂದು ಹಳೆಯ ಚೂರನ್ನು ಇಟ್ಟಿಗೆ ಚೂರುಗಳ ಮೇಲೆ ಕೂರಿಸಿದ್ದೇನೆ. ಮರಳು ಕೆಳಗೆ ಇಳಿದು ಅಲ್ಲಿಯೇ ನಿಲ್ಲುತ್ತದೆ. ಒಂದು ಸಲ ತೊಳೆದ ಮೇಲೆ ಆ ತಳವನ್ನು ನೋಡಿದರೆ ಇಷ್ಟು ದಿನ ಏನು ಉಜ್ಜುತ್ತಿದ್ದೆವೆಂದು ತಿಳಿಯುತ್ತದೆ.

ಮೈಕ್ರೋಫೈಬರ್ ಬಟ್ಟೆ ಸಿಕ್ಕರೆ ಉತ್ತಮ. ಇಲ್ಲವಾದರೆ ಹಳೆಯ ಹತ್ತಿ ಬನಿಯನ್ನು, ಅದರ ಹೊಲಿಗೆಯನ್ನು ಕತ್ತರಿಸಿ ತೆಗೆದು. ತೆಂಗಿನ ನಾರು, ಗೋಣಿತಾಟು, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರು ಇವುಗಳನ್ನು ಬಣ್ಣಕ್ಕೆ ಮುಟ್ಟಿಸಬಾರದು. ನೆನೆಸಲು ಗೋಣಿ ಹಾಸಬಹುದು, ಉಜ್ಜಲು ಮಾತ್ರ ಬೇಡ. ಮೇಲ್ಛಾವಣಿಯಿಂದ ಆರಂಭಿಸಿ ಕೆಳಗೆ ಬನ್ನಿ, ಸುತ್ತು ಸುತ್ತಾಗಿ ತಿಕ್ಕದೆ ನೇರ ಎಳೆಯಿರಿ. ಬಟ್ಟೆ ಕೆಳಗೆ ಬಿದ್ದರೆ ಅದನ್ನು ಬದಿಗಿಟ್ಟು ಬೇರೆ ತೆಗೆದುಕೊಳ್ಳಿ.

ಕೊನೆಯಲ್ಲಿ ಬರಿಯ ನೀರು ಬಿಟ್ಟು, ಆರಲು ಬಿಡದೆ, ಒಣ ಶುದ್ಧ ಬಟ್ಟೆಯಿಂದ ನೀರು ಹೀರಿಸಬೇಕು. ನಮ್ಮಲ್ಲಿ ಮಾಡಿನಿಂದ ಹಿಡಿದ ಮಳೆನೀರಿದ್ದರೆ ಕೊನೆಯ ಎರಡು ಕೊಡಪಾನ ಅದೇ ಇರಲಿ, ಅದರಲ್ಲಿ ಲವಣವಿಲ್ಲ. ಸೊನ್ನದಂಥ ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನು ತಂದು ಗಾಡಿಗೆ ಸುರಿಯಬೇಕೇ ಎಂದು ಯಾರಾದರೂ ಕೇಳಿದರೆ, ಖಂಡಿತ ಬೇಡ. ಕುಡಿಯುವ ನೀರು ಕುಡಿಯಲಿಕ್ಕೆ. ಬೋರಿನ ನೀರಿನಲ್ಲಿಯೇ ಸಂಜೆ ತೊಳೆದು ಒಂದೊಂದು ಭಾಗವನ್ನೂ ಕೂಡಲೇ ಒರೆಸಿದರೆ ಸಾಕು. ಗೆಳೆಯ ಈಗ ಹಾಗೆಯೇ ಮಾಡುತ್ತಿದ್ದಾನೆ.

ನೀರಿನ ಖರ್ಚಿನ ಲೆಕ್ಕವನ್ನೂ ನೋಡಿ. ನಿಮ್ಮ ಪೈಪಿನಿಂದ 15 ಲೀಟರಿನ ಕೊಡಪಾನ ತುಂಬಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿ. ಒಂದು ನಿಮಿಷವಾದರೆ, ಇಪ್ಪತ್ತು ನಿಮಿಷ ಪೈಪು ಹರಿಯಬಿಟ್ಟಾಗ ಹೋದದ್ದು 300 ಲೀಟರ್. ಬಕೆಟ್ಟಿನ ಕ್ರಮದಲ್ಲಿ ಐದಾರು ಬಕೆಟ್ಟಿನಲ್ಲಿ ಮುಗಿಯುತ್ತದೆ. 2024ರ ಬೇಸಗೆಯಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಆದೇಶ ಮಾಡಿತು. ನಮ್ಮಲ್ಲಿ ದಂಡ ಹಾಕುವವರಿಲ್ಲ, ಆದರೆ ಮಾರ್ಚ್ ತಿಂಗಳಲ್ಲಿ ಕಾಫಿ ಹೂಮಳೆಗೆ ಸ್ಪ್ರಿಂಕ್ಲರ್ ಓಡಿಸಲು ಕೆರೆಯ ತಳ ನೋಡುವವರು ನಾವೇ. ಇನ್ನು ಗಾಡಿಯನ್ನು ಹಳ್ಳಕ್ಕೆ ಇಳಿಸಿ ತೊಳೆಯುವುದು. ನಾವು ಬಿಟ್ಟ ಗ್ರೀಸು, ಡೀಸೆಲ್ಲು ಕೆಳಗಿನ ಮನೆಯವರ ಕೊಡಕ್ಕೆ ಹೋಗುತ್ತದೆ. ಸಂಘದ ಸದಸ್ಯರಾದವರು ಇದನ್ನು ಮಾಡಬಾರದು ಎಂದು ಕಾರ್ಯದರ್ಶಿಯಾಗಿಯೇ ಹೇಳುತ್ತಿದ್ದೇನೆ.

ಬಿಡಿ ಕಲೆಗಳು

ಹಕ್ಕಿ, ಬಾವಲಿಗಳ ಹಿಕ್ಕೆ ಕಂಡ ದಿನವೇ ತೆಗೆಯಬೇಕು. ಅದು ಆಮ್ಲ, ಬಿಸಿಲಿಗೆ ಬಣ್ಣವನ್ನು ಸುಡುತ್ತದೆ. ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹಾಸಿಟ್ಟು ಎತ್ತಿ ತೆಗೆಯಿರಿ, ಉಜ್ಜಬೇಡಿ. ಹಲಸಿನ ಮೇಣಕ್ಕೆ ಹೆಂಗಸರನ್ನು ಕೇಳಿದರೆ ಗೊತ್ತು, ತೆಂಗಿನ ಎಣ್ಣೆ. ಸವರಿ ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಸೋಪಿನಿಂದ ತೊಳೆಯಿರಿ. ಡಾಂಬರಿನ ಚುಕ್ಕೆಗೂ ಎಣ್ಣೆಯೇ ಆದೀತು, ತಾಳ್ಮೆ ಬೇಕು. ಪೆಟ್ರೋಲು, ತಿನ್ನರು ಮುಟ್ಟಿಸಬೇಡಿ, ಮರುಬಣ್ಣ ಮಾಡಿಸಿದ ಗಾಡಿಯಲ್ಲಿ ಬಣ್ಣವೇ ಬಟ್ಟೆಗೆ ಬರುತ್ತದೆ. ಹೊಳಪು ಬರಲೆಂದು ಸೀಮೆಎಣ್ಣೆ ಬಟ್ಟೆಯಲ್ಲಿ ಇಡೀ ಗಾಡಿ ಒರೆಸುವ ಹಳೆಯ ಡ್ರೈವರುಗಳ ಪದ್ಧತಿಯೂ ಬೇಡ. ಎರಡು ದಿನ ಹೊಳೆಯುತ್ತದೆ, ಮೂರನೆಯ ದಿನ ಊರಿನ ಧೂಳೆಲ್ಲ ಅಂಟಿರುತ್ತದೆ, ರಬ್ಬರು ಸಡಿಲವಾಗುತ್ತದೆ. ಅಡಿಕೆ ಬೇಯಿಸಿದ ಚೊಗರು ಪಿಕಪ್ಪಿನ ಹಿಂದೆ ಚೆಲ್ಲಿದರೆ ತೆರೆದ ಕಬ್ಬಿಣಕ್ಕೆ ತಾಗಿ ಮಸಿಯಂತೆ ಕಪ್ಪಾಗುತ್ತದೆ, ಹಸಿಯಿರುವಾಗಲೇ ನೀರು ಹಾಕಿ.

ತೊಳೆದು ಒಣಗಿಸಿದ ಮೇಲೆ ಮೂರು ನಾಲ್ಕು ತಿಂಗಳಿಗೊಮ್ಮೆ ಮೇಣ ಹಚ್ಚುವುದು ಒಳ್ಳೆಯದು, ಮುಖ್ಯವಾಗಿ ಮೇ ತಿಂಗಳ ಕೊನೆಗೆ. ನೀರು ಕೆಸುವಿನೆಲೆಯ ಮೇಲಿನಂತೆ ಹನಿ ಹನಿಯಾಗಿ ಜಾರುತ್ತಿದ್ದರೆ ಮೇಣ ಉಳಿದಿದೆ, ಹರಡಿ ನಿಲ್ಲುತ್ತಿದ್ದರೆ ಹೋಗಿದೆ.

ಬಣ್ಣದ ಮಾತಲ್ಲವಾದರೂ ಎರಡು ವಿಷಯ ಬಿಡುವಂತಿಲ್ಲ. ಪೊಟ್ಯಾಷ್ ಚೀಲ ತಂದ ದಿನ ಗಾಡಿಯ ಹಿಂಭಾಗವನ್ನು ಗುಡಿಸಿ ತೊಳೆಯಲೇಬೇಕು. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬುದು ಅಡುಗೆ ಉಪ್ಪಿನ ದಾಯಾದಿ, ತೇವ ಹಿಡಿದು ತಗಡನ್ನು ತಿನ್ನುತ್ತದೆ. ಎರಡನೆಯದಾಗಿ, ಪ್ರತಿ ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿದು ಹೋಗಲು ಸಣ್ಣ ರಂಧ್ರಗಳಿರುತ್ತವೆ. ಗಾಜಿನ ಸಂದಿಯಿಂದ ಇಳಿದ ಮಳೆನೀರು ಹೊರಹೋಗುವ ದಾರಿ ಅದೊಂದೇ. ಕೆಸರು, ಎಲೆ ಕಟ್ಟಿ ಅದು ಮುಚ್ಚಿದರೆ ನೀರು ಬಾಗಿಲಿನೊಳಗೇ ನಿಂತು ಒಳಗಿನಿಂದ ಹೊರಕ್ಕೆ ತುಕ್ಕು ಬರುತ್ತದೆ, ಹೊರಗೆ ಬಣ್ಣದಲ್ಲಿ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತಗಡು ಮುಗಿದಿರುತ್ತದೆ. ಮುಂದಿನ ಗಾಜಿನ ಕೆಳಗೆ, ವೈಪರಿನ ಬುಡದಲ್ಲಿ ಸೇರುವ ಸಿಲ್ವರ್ ಓಕ್ ಎಲೆಗಳೂ ಹೀಗೆಯೇ ನೀರಿನ ದಾರಿ ಕಟ್ಟುತ್ತವೆ. ತೊಳೆಯಲು ಕೂತ ದಿನ ಬಾಗಿಲು ತೆರೆದು, ಒಂದು ತೆಂಗಿನ ಕಡ್ಡಿಯನ್ನು ಆ ರಂಧ್ರಗಳಲ್ಲಿ ಆಡಿಸಿ ನೋಡಿ. ಕಳೆದ ವಾರ ಸಂಘದ ಪಿಕಪ್ಪಿನ ಎಡಬಾಗಿಲಿಗೆ ಕಡ್ಡಿ ಹಾಕಿದಾಗ ಅರ್ಧ ಚೊಂಬು ನೀರು ಬಂತು.